ರೇಷ್ಮೆ ನೂಲು ಬಿಚ್ಚುವವರಲ್ಲಿ ಆಸ್ತಮಾ ಅಧ್ಯಯನ: ವಾರದ ರಜೆಯೇ ಇಲ್ಲದ ಕಡೆ ಪೀಕ್ ಫ್ಲೋ ಹೇಗೆ?

ಪಿಜಿ_ಸಮುದಾಯವೈದ್ಯ

ರಾಮನಗರ, ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಘಟಕಗಳ ಕೆಲಸಗಾರರಲ್ಲಿ ಔದ್ಯೋಗಿಕ ಆಸ್ತಮಾ ಎಷ್ಟಿದೆ ಎಂದು ನೋಡುವ ಪ್ರಬಂಧಕ್ಕೆ ಪ್ರೋಟೋಕಾಲ್ ಬರೆಯುತ್ತಿದ್ದೇನೆ. ಮೊದಲು ಪ್ರಶ್ನಾವಳಿ, ಆಮೇಲೆ ಸ್ಪೈರೊಮೆಟ್ರಿ (ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ), ಲಕ್ಷಣ ಇರುವವರಿಗೆ ನಾಲ್ಕು ವಾರ ಪೀಕ್ ಫ್ಲೋ (ಜೋರಾಗಿ ಊದಿದಾಗ ಉಸಿರಿನ ಗರಿಷ್ಠ ವೇಗ) ಡೈರಿ ಎಂಬುದು ಸದ್ಯದ ಯೋಜನೆ.

ತೊಡಕು ಡೈರಿಯಲ್ಲೇ ಇದೆ. ಆ ವಿಧಾನ ನಿಂತಿರುವುದೇ ಕೆಲಸದ ದಿನ ಮತ್ತು ರಜೆಯ ದಿನಗಳ ಹೋಲಿಕೆಯ ಮೇಲೆ. ಚಿಕ್ಕ ಘಟಕಗಳಲ್ಲಿ ಗೂಡು ಸಿಕ್ಕ ದಿನ ಕೆಲಸ, ಸಿಗದ ದಿನ ಇಲ್ಲ. ಎಷ್ಟೋ ಕಡೆ ಮನೆಯ ಹಿಂದೆಯೇ ಒಲೆ, ಬೇಸಿನ್ (ಗೂಡಿನಿಂದ ನೂಲು ತೆಗೆಯುವ ನೀರಿನ ತೊಟ್ಟಿ) ಎಲ್ಲ. ಇಂಥಲ್ಲಿ ಯಾವ ದಿನವನ್ನು ರಜೆ ಎಂದು ಹಿಡಿಯಬೇಕು? ಡೈರಿ ಬಿಟ್ಟು, ಪಾಳಿಯ ಮೊದಲು ಮತ್ತು ನಂತರ ಒಮ್ಮೊಮ್ಮೆ ಸ್ಪೈರೊಮೆಟ್ರಿ ಮಾಡಿದರೆ ಸಾಲದೆ? ಅಲರ್ಜಿಯ ಚರ್ಮ ಪರೀಕ್ಷೆಗೆ ಯಾವ ಸಾರ ಬಳಸಬೇಕು ಎಂಬುದೂ ತಿಳಿಯಬೇಕಿತ್ತು.

---

ಶ್ವಾಸ_ಲ್ಯಾಬ್

ಕೊನೆಯ ಉಪಾಯ ಮೊದಲು ಕೈಬಿಡಿ. ಪಾಳಿಯ ಎರಡು ತುದಿಯಲ್ಲಿ ಎಫ್‌ಇವಿ1 (ಮೊದಲ ಒಂದು ಸೆಕೆಂಡಿನಲ್ಲಿ ಊದುವ ಗಾಳಿ) ಅಳೆದರೆ ಸಾಕೆಂಬ ಯೋಚನೆ ಹತ್ತಿ ಗಿರಣಿಯ ಬಿಸಿನೋಸಿಸ್ (ಹತ್ತಿ ಧೂಳಿನ ಶ್ವಾಸರೋಗ) ಅಧ್ಯಯನಗಳಿಂದ ಬಂದದ್ದು. ಅಲ್ಲಿ ರಜೆ ಮುಗಿದ ಮೊದಲ ದಿನವೇ ಎದೆ ಬಿಗಿಯುತ್ತದೆ, ವಾರ ಕಳೆದಂತೆ ಸಡಿಲವಾಗುತ್ತದೆ. ಅಲರ್ಜಿಯ ಆಸ್ತಮಾ ಇದಕ್ಕೆ ತಿರುಗುಮುರುಗು: ದಿನ ಕಳೆದಂತೆ ಬಿಗಿ ಹೆಚ್ಚುತ್ತದೆ. ಮೇಲಾಗಿ ತಡವಾದ ಪ್ರತಿಕ್ರಿಯೆ ಒಡ್ಡಿಕೊಂಡ 4ರಿಂದ 8 ಗಂಟೆ ಬಳಿಕ ಬರುತ್ತದೆ. ಬೆಳಿಗ್ಗೆ ಬೇಸಿನ್ ಮುಂದೆ ಕೂತವರಿಗೆ ಸಂಜೆ ಮನೆಯಲ್ಲಿ ದಮ್ಮು ಹಿಡಿಯುತ್ತದೆ. ಪಾಳಿ ಮುಗಿಯುವ ಹೊತ್ತಿನ ಅಳತೆ ಸರಿಯಾಗಿಯೇ ಬಂದು ರೋಗ ತಪ್ಪಿಸಿಕೊಳ್ಳುತ್ತದೆ.

ಇದೇ ಕಾರಣಕ್ಕೆ ಪ್ರಶ್ನಾವಳಿಯಲ್ಲಿ "ಕೆಲಸ ಮಾಡುವಾಗ ಉಬ್ಬಸ ಬರುತ್ತದೆಯೇ" ಎಂದಷ್ಟೇ ಕೇಳಬೇಡಿ. "ಊರಿಗೆ ಹೋಗಿ ನಾಲ್ಕು ದಿನ ಇದ್ದಾಗ ಉಸಿರು ಹಗುರಾಗುತ್ತದೆಯೇ" ಎಂಬ ಪ್ರಶ್ನೆಗೆ ಸಿಗುವ ಉತ್ತರ ಹೆಚ್ಚು ಕೆಲಸಕ್ಕೆ ಬರುತ್ತದೆ. ಅದೂ ರೋಗ ಇರುವವರನ್ನು ಬಿಟ್ಟುಬಿಡದಂತೆ ಹಿಡಿಯಲು ಮಾತ್ರ, ನಿರ್ಣಯಕ್ಕೆ ಸಾಲದು.

ಈಗ ಡೈರಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಶೆರ್ವುಡ್ ಬರ್ಜ್ ಅವರ ತಂಡ ಪೀಕ್ ಫ್ಲೋ ಡೈರಿ ಓದಲು ರೂಪಿಸಿದ ಓಯಸಿಸ್ ತಂತ್ರಾಂಶಕ್ಕೆ ಕನಿಷ್ಠ ಬೇಕಾದದ್ದು ಇಷ್ಟು: ದಿನಕ್ಕೆ ಸಮನಾಗಿ ಹಂಚಿದ ನಾಲ್ಕು ಅಳತೆ, ಪ್ರತಿ ಕೆಲಸದ ಅವಧಿಯಲ್ಲಿ ಸತತ ಮೂರು ದಿನ, ಸುಮಾರು ಮೂರು ವಾರದ ದಾಖಲೆ. ಸ್ಕೋರ್ 2.5 ದಾಟಿದರೆ ಕೆಲಸದ ಪರಿಣಾಮ ಎಂದು ಹಿಡಿಯಬಹುದು. ಈ ಗಡಿಯಲ್ಲಿ ನಿರ್ದಿಷ್ಟತೆ (ರೋಗವಿಲ್ಲದವರನ್ನು ಸರಿಯಾಗಿ ಬಿಡುವುದು) 94%, ಸಂವೇದನೆ (ರೋಗ ಇರುವವರನ್ನು ಹಿಡಿಯುವುದು) 75%. ಅಂದರೆ ಸ್ಕೋರ್ ಕಡಿಮೆ ಬಂತೆಂದು ರೋಗವಿಲ್ಲ ಎನ್ನುವಂತಿಲ್ಲ.

ನಿಮ್ಮ ಪರಿಸ್ಥಿತಿಗೆ ಹೊಂದುವುದು ಅದೇ ತಂತ್ರಾಂಶದ ಇನ್ನೊಂದು ಲೆಕ್ಕ, ಎಬಿಸಿ ಸ್ಕೋರ್. ಕೆಲಸದ ದಿನಗಳ ಸರಾಸರಿ ಗೆರೆ ಮತ್ತು ರಜೆಯ ದಿನಗಳ ಸರಾಸರಿ ಗೆರೆಯ ನಡುವಿನ ಜಾಗವನ್ನು ಅದು ಅಳೆಯುತ್ತದೆ. ಎಂಟು ಕೆಲಸದ ದಿನ, ಮೂರೇ ರಜೆಯ ದಿನ ಇದ್ದರೆ ಆಯಿತು. ಬದಲಿಗೆ ಎರಡು ಗಂಟೆಗೊಮ್ಮೆ ಊದಬೇಕು, ದಿನಕ್ಕೆ ಎಂಟು ಸಲ. ಗಂಟೆಗೆ 15 ಲೀ/ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಧನಾತ್ಮಕ. ಹಬ್ಬ, ಮದುವೆ, ಮಾರುಕಟ್ಟೆ ಬಂದ್ ಆದ ದಿನಗಳನ್ನು ಮೊದಲೇ ಗುರುತಿಸಿಕೊಂಡು ಡೈರಿಯನ್ನು ಅದರ ಸುತ್ತ ಹೆಣೆಯಿರಿ. ರಂಜಾನ್ ಹಬ್ಬದ ಆಸುಪಾಸು ರಾಮನಗರದ ಅನೇಕ ಘಟಕಗಳಲ್ಲಿ ಒಲೆ ಆರಿರುತ್ತದೆ. ಉಪವಾಸದ ತಿಂಗಳಲ್ಲಿ ಮಾತ್ರ ಡೈರಿ ಶುರುಮಾಡಬೇಡಿ. ನಿದ್ದೆ, ಊಟ, ಇನ್ಹೇಲರ್ ಹೊತ್ತುಗಳೆಲ್ಲ ಬದಲಾಗಿರುತ್ತವೆ.

ಮನೆಯ ಹಿಂದೆಯೇ ಘಟಕ ಇದ್ದವರು ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ಅದು ರಜೆಯಲ್ಲ. ಪಕ್ಕದ ಬೇಸಿನ್‌ನ ಆವಿ, ಅಂಗಳದಲ್ಲಿ ಒಣಗುತ್ತಿರುವ ಹುಳು ಎರಡೂ ಅಲ್ಲೇ ಇವೆ. ಡೈರಿಯಲ್ಲಿ "ಕೆಲಸ / ರಜೆ" ಎಂಬ ಎರಡು ಕಲಂ ತೆಗೆದು "ಬೇಸಿನ್‌ನಲ್ಲಿ / ಘಟಕದ ಆವರಣದಲ್ಲಿ / ಊರ ಹೊರಗೆ" ಎಂದು ಮೂರು ಮಾಡಿ. ಲೆಕ್ಕಕ್ಕೆ ಮೂರನೆಯದನ್ನಷ್ಟೇ ರಜೆ ಎಂದು ಕೊಡಿ. ವರ್ಷಗಟ್ಟಲೆ ಬಿಡದೆ ಒಡ್ಡಿಕೊಂಡವರಲ್ಲಿ ಚೇತರಿಕೆಗೆ ಹತ್ತು ದಿನವೂ ಹಿಡಿಯಬಹುದು; ಅಂಥವರು ಮೂರು ದಿನ ಹೊರಗಿದ್ದರೂ ಗೆರೆ ಏಳುವುದಿಲ್ಲ. ಅನುಮಾನ ಬಲವಾಗಿದ್ದರೆ ಎರಡು ವಾರ ಸಂಬಂಧಿಕರ ಊರು, ಎರಡು ವಾರ ಕೆಲಸ ಎಂದು ಯೋಜಿಸಿ. ಆ ಎರಡು ವಾರದ ಕೂಲಿಯನ್ನು ಪ್ರಾಜೆಕ್ಟ್ ಬಜೆಟ್‌ನಲ್ಲೇ ಹಾಕಿ, ಇಲ್ಲದಿದ್ದರೆ ಯಾರೂ ಹೋಗುವುದಿಲ್ಲ.

ಮೆಥಕೋಲಿನ್ ಪರೀಕ್ಷೆ (ಔಷಧಿ ಎಳೆಸಿ ಶ್ವಾಸನಾಳ ಎಷ್ಟು ಬೇಗ ಬಿಗಿಯುತ್ತದೆ ಎಂದು ನೋಡುವುದು) ಆಸ್ಪತ್ರೆಯಲ್ಲಿ ಸಾಧ್ಯವಿದ್ದರೆ ಈ ಎರಡು ಅವಧಿಗಳ ಕೊನೆಗೆ ಒಂದೊಂದು ಮಾಡಿಸಿ, ಕೆಲಸದ ಅವಧಿಯದ್ದನ್ನು ಕೊನೆಯ ಪಾಳಿ ಮುಗಿದ 24 ಗಂಟೆಯೊಳಗೆ. ಪಿಸಿ20 (ಎಫ್‌ಇವಿ1 20% ಇಳಿಸುವ ಮೆಥಕೋಲಿನ್ ಸಾಂದ್ರತೆ) ಮೂರು ಪಟ್ಟಿಗಿಂತ ಹೆಚ್ಚು ಬದಲಾದರೆ ಅದು ಗಟ್ಟಿ ಸಾಕ್ಷಿ.

---

ಫಿಲೇಚರ್_ಗಾಳಿ

"ರೀಲಿಂಗ್ (ನೂಲು ಬಿಚ್ಚುವ) ಕೆಲಸಗಾರ" ಎಂದು ಒಂದೇ ಗುಂಪು ಮಾಡಿದರೆ ಅಧ್ಯಯನ ಅಲ್ಲಿಗೇ ಮುಗಿಯಿತು. ಚರಕದಲ್ಲಿ ಗೂಡು ಬೇಯಿಸುವುದೂ ನೂಲು ತೆಗೆಯುವುದೂ ಒಂದೇ ಬಾಣಲೆಯಲ್ಲಿ. ಕೂತವರ ಮುಖ ಸದಾ ಆವಿಯ ಮೇಲೆ. ಕಾಟೇಜ್ ಬೇಸಿನ್‌ನಲ್ಲಿ ಬೇಯಿಸುವವರು ಬೇರೆ, ನೂಲು ತೆಗೆಯುವ ನೀರು ಬರೀ ಉಗುರುಬೆಚ್ಚಗೆ. ಮಲ್ಟಿ ಎಂಡ್ ಯಂತ್ರದಲ್ಲೂ ಹಾಗೆಯೇ. ಹಾಗಾಗಿ ಬೇಯಿಸುವವರು, ಎಳೆ ಹಿಡಿಯುವವರು, ರೀ-ರೀಲಿಂಗ್‌ನವರು (ತೆಗೆದ ನೂಲನ್ನು ಮತ್ತೆ ಸುತ್ತುವವರು), ಗೂಡು ಬೇರ್ಪಡಿಸುವವರು, ಹುಳು ಒಣಗಿಸಿ ಮೂಟೆ ಕಟ್ಟುವವರು ಎಂದು ಐದು ಗುಂಪು ಮಾಡಿ. ಕೊನೆಯವರನ್ನು ಎಲ್ಲರೂ ಮರೆಯುತ್ತಾರೆ, ಒಣ ಧೂಳು ಹೆಚ್ಚು ತಿನ್ನುವವರು ಅವರೇ.

ಗಾಳಿಯ ಮಾದರಿಗೆ ಐಒಎಂ ತಲೆ (ಉಸಿರಿನೊಳಗೆ ಹೋಗುವ ಧೂಳು ಹಿಡಿಯುವ, ಫಿಲ್ಟರ್ ಇರುವ ಸಾಧನ), 2 ಲೀ/ನಿಮಿಷ, ಕಾಲರ್ ಹತ್ತಿರ. ಪಂಪಿನ ಹರಿವನ್ನು ಮೊದಲೂ ಕೊನೆಗೂ ಅಳೆದು 5%ಗಿಂತ ಹೆಚ್ಚು ಸರಿದಿದ್ದರೆ ಆ ಮಾದರಿ ಎಸೆಯಿರಿ. ಬೇಯಿಸುವ ಒಲೆಯ ಬಳಿ ಇದು ಆಗಿಯೇ ಆಗುತ್ತದೆ: ಆವಿ ಫಿಲ್ಟರ್ ಮೇಲೆ ಹನಿಗಟ್ಟಿ ಎಳೆತ ಏರುತ್ತದೆ, ಪಂಪು ನಿಲ್ಲುತ್ತದೆ. ಎಂಟು ಗಂಟೆಯ ಒಂದು ಮಾದರಿಯ ಬದಲು ಎರಡೆರಡು ಗಂಟೆಯ ನಾಲ್ಕು ತೆಗೆದುಕೊಳ್ಳಿ. ಫಿಲ್ಟರ್ ಪಿಟಿಎಫ್‌ಇ (ಟೆಫ್ಲಾನ್) ಇರಲಿ. ನೀರು ಹೀರುವ ಸೆಲ್ಯುಲೋಸ್ ಎಸ್ಟರ್ ಬೇಡ. ತೂಗುವ ಮೊದಲು ಮತ್ತು ನಂತರ ಒಂದೇ ಆರ್ದ್ರತೆಯ ಕೋಣೆಯಲ್ಲಿ 24 ಗಂಟೆ ಇಡಿ.

ತೂಕವೊಂದನ್ನೇ ನಂಬಬೇಡಿ. ಗೂಡಿನ ಅಂಟು, ಅಂದರೆ ಸೆರಿಸಿನ್, ಬಿಸಿ ನೀರಲ್ಲಿ ಕರಗಿ ಆವಿಯ ಸೂಕ್ಷ್ಮ ಹನಿಗಳ ಜೊತೆ ಏರುತ್ತದೆ. ತೂಕ ಅತ್ಯಲ್ಪ, ಅಲರ್ಜನ್ ಭರ್ತಿ. ಫಿಲ್ಟರನ್ನು ಟ್ವೀನ್ (ಸೋಪಿನಂಥ ದ್ರವ) ಬೆರೆಸಿದ ಫಾಸ್ಫೇಟ್ ಬಫರ್‌ನಲ್ಲಿ ಅಲುಗಾಡಿಸಿ ಪ್ರೋಟೀನ್ ಬಿಡಿಸಿ ಎಲೈಸಾ (ಪ್ರತಿಕಾಯ ಬಳಸಿ ಅಲರ್ಜನ್ ಅಳೆಯುವ ಪರೀಕ್ಷೆ) ಮಾಡಿಸುವುದೇ ದಾರಿ. ಸೌದೆ ಒಲೆ ಇದ್ದಲ್ಲಿ ಕಾರ್ಬನ್ ಮಾನಾಕ್ಸೈಡನ್ನೂ ಅಳೆಯಿರಿ. ಹೊಗೆಯಿಂದ ಬರುವ ಸಿಒಪಿಡಿ (ಶ್ವಾಸನಾಳ ಶಾಶ್ವತವಾಗಿ ಕಿರಿದಾಗುವ ದೀರ್ಘಕಾಲದ ರೋಗ) ನಿಮ್ಮ ಆಸ್ತಮಾ ಲೆಕ್ಕದೊಳಗೆ ನುಸುಳುತ್ತದೆ.

---

ಐಜಿಇ_ಓದುಗ

ಚರ್ಮ ಪರೀಕ್ಷೆಯ ಬಗ್ಗೆ. ಗೂಡಿನ ಚಿಪ್ಪು, ಪ್ಯೂಪಾ (ಗೂಡಿನೊಳಗಿನ ಹುಳು), ಪತಂಗದ ರೆಕ್ಕೆಯ ಪುಡಿ, ಬೇಯಿಸಿದ ನೀರು: ನಾಲ್ಕಕ್ಕೂ ಬೇರೆ ಬೇರೆ ಸಾರ ಬೇಕು. ಒಂದಕ್ಕೆ ಧನಾತ್ಮಕ ಆದವರು ಇನ್ನೊಂದಕ್ಕೆ ಆಗದಿರಬಹುದು. ಸಾರ ತಯಾರಿಸಿದ ಪ್ರತಿ ಬ್ಯಾಚನ್ನು ಮೊದಲು ರೇಷ್ಮೆಯ ಸಂಪರ್ಕವೇ ಇಲ್ಲದವರ ಮೇಲೆ ನೋಡಿ. ಪ್ಯೂಪಾ ಸಾರ ಗಾಢವಾದರೆ ಅಲರ್ಜಿ ಇಲ್ಲದವರಿಗೂ ದದ್ದು ಏಳಿಸುತ್ತದೆ. ಹಿಸ್ಟಮಿನ್ 10 ಮಿಗ್ರಾಂ/ಮಿಲೀ ಒಂದು ಕಡೆ, ಸಲೈನ್ ಇನ್ನೊಂದು ಕಡೆ, 15 ನಿಮಿಷಕ್ಕೆ ಓದಿ, ಸಲೈನ್‌ಗಿಂತ 3 ಮಿಮೀ ದೊಡ್ಡದಾದರೆ ಧನಾತ್ಮಕ. ಸೆಟ್ರಿಜಿನ್ ಒಂದು ವಾರ ಮೊದಲೇ ನಿಲ್ಲಿಸಿರಬೇಕು. "ಶೀತದ ಮಾತ್ರೆ" ಎಂದು ಅಂಗಡಿಯಿಂದ ನುಂಗಿರುವುದೂ ಅದರ ಜಾತಿಯದೇ, ಹೆಸರು ಹಿಡಿದು ಕೇಳಿ.

ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ರೇಷ್ಮೆ ಹುಳುವಿನ ಅರ್ಜಿನೈನ್ ಕೈನೇಸ್ ಎಂಬ ಪ್ರೋಟೀನು, ಅಲರ್ಜನ್‌ಗಳ ಪಟ್ಟಿಯಲ್ಲಿ ಬಾಂಬ್ ಎಂ 1, ಜಿರಳೆಯ ಅದೇ ಪ್ರೋಟೀನಿಗೆ ಹೋಲುತ್ತದೆ. ಟ್ರೋಪೊಮಯೋಸಿನ್ ಎಂಬ ಸ್ನಾಯು ಪ್ರೋಟೀನಿನ ಕಥೆಯೂ ಅಷ್ಟೆ. ಅಡುಗೆಮನೆಯ ಜಿರಳೆಗೆ ಅಲರ್ಜಿ ಬೆಳೆಸಿಕೊಂಡವರು, ಬೇಸಿನ್ ಮುಟ್ಟದಿದ್ದರೂ, ಪ್ಯೂಪಾ ಸಾರಕ್ಕೆ ದದ್ದು ತೋರಿಸುತ್ತಾರೆ. ಜಿರಳೆ ಮತ್ತು ಮನೆಧೂಳಿನ ಮೈಟ್ ಸಾರಗಳನ್ನು ಜೊತೆಗೇ ಚುಚ್ಚಿ, ರೇಷ್ಮೆಗೂ ಇವಕ್ಕೂ ದದ್ದು ಬಂದವರ ಸೀರಮ್‌ನಲ್ಲಿ ಇನ್‌ಹಿಬಿಷನ್ (ಒಂದು ಸಾರ ಬೆರೆಸಿದಾಗ ಇನ್ನೊಂದರ ಪ್ರತಿಕ್ರಿಯೆ ತಗ್ಗುತ್ತದೆಯೇ ಎಂಬ ಪರೀಕ್ಷೆ) ಮಾಡಿ ಯಾವುದು ಮೂಲ ಎಂದು ತೀರ್ಮಾನಿಸಿ.

ಬೆಂಗಳೂರಿನ ಐಐಎಸ್‌ಸಿಯವರು (ಭಾರತೀಯ ವಿಜ್ಞಾನ ಸಂಸ್ಥೆ) 1985ರಲ್ಲೇ ಫಿಲೇಚರ್‌ಗಳ (ನೂಲು ಬಿಚ್ಚುವ ಕಾರ್ಖಾನೆಗಳ) ಆಸ್ತಮಾ ಬಗ್ಗೆ ಪ್ರಕಟಿಸಿದ್ದಾರೆ. "ಮೊಟ್ಟಮೊದಲ ಅಧ್ಯಯನ" ಎಂದು ಪೀಠಿಕೆಯಲ್ಲಿ ಬರೆಯಬೇಡಿ, ಗೈಡ್ ಬಿಟ್ಟರೂ ಪರೀಕ್ಷಕರು ಬಿಡುವುದಿಲ್ಲ.

---

ಪಿಜಿ_ಸಮುದಾಯವೈದ್ಯ

ತುಂಬ ಉಪಯೋಗವಾಯಿತು. ದಿನಕ್ಕೆ ಎಂಟು ಸಲ ಎಂದರೆ ಡೈರಿಯನ್ನು ರಾತ್ರಿ ಒಟ್ಟಿಗೆ ಕೂತು ತುಂಬಿಬಿಡುವ ಅಪಾಯ ಇದೆಯಲ್ಲ? ಕಾಲೇಜಿನಲ್ಲಿರುವ ಮೀಟರ್‌ಗಳೂ ಎರಡು ಮೂರು ಬಗೆಯವು.

---

ಶ್ವಾಸ_ಲ್ಯಾಬ್

ಇದೆ, ಮತ್ತು ಅದು ಕಣ್ಣಿಗೆ ಕಾಣುತ್ತದೆ. ಎಲ್ಲ ಅಂಕಿಯೂ 50ರ ಗುಣಕ, ಒಂದೇ ಪೆನ್ನಿನ ಒಂದೇ ಒತ್ತು, ಜ್ವರ ಬಂದ ದಿನವೂ 400. ದುಡ್ಡಿದ್ದರೆ ಹೊತ್ತಿನ ಸಮೇತ ತಾನೇ ದಾಖಲಿಸುವ ಎಲೆಕ್ಟ್ರಾನಿಕ್ ಮೀಟರ್ ಕೊಳ್ಳಿ. ಇಲ್ಲದಿದ್ದರೆ ಪ್ರತಿ ಸಲ ಮೂರು ಊದಿ ಮೂರನ್ನೂ ಬರೆಯಿಸಿ, ದೊಡ್ಡದನ್ನು ನೀವು ಆರಿಸಿ. ದೊಡ್ಡವೆರಡರ ನಡುವೆ 20 ಲೀ/ನಿಮಿಷಕ್ಕಿಂತ ಹೆಚ್ಚು ಅಂತರ ಇದ್ದರೆ ಊದಿದ್ದು ಸರಿಯಿಲ್ಲ. ಅಕ್ಷರ ಬಾರದವರಿಗೆ ಮೀಟರಿನ ಚಿತ್ರವನ್ನೇ ಹಾಳೆಯಲ್ಲಿ ಅಚ್ಚು ಹಾಕಿಸಿ, ಮುಳ್ಳು ನಿಂತಲ್ಲಿ ಗೆರೆ ಎಳೆಯಲಿ.

ಒಬ್ಬರಿಗೆ ಒಂದೇ ಮೀಟರ್, ಕೊನೆಯವರೆಗೂ ಅದೇ. ಮೀಟರ್‌ಗಳ ಮೇಲಿನ ಹಳೆಯ ರೈಟ್ ಸ್ಕೇಲ್ ನಡುವಿನ ಶ್ರೇಣಿಯಲ್ಲಿ ಹೆಚ್ಚು ತೋರಿಸುತ್ತದೆ, ಹೊಸ ಇಯು (ಯುರೋಪಿಯನ್) ಸ್ಕೇಲ್ ಹಾಗಲ್ಲ. ಬೆರೆತರೆ ಮೀಟರ್ ಬದಲಾದ ದಿನವೇ ರೋಗ ಬಂದಂತೆ ಕಾಣುತ್ತದೆ. ಇನ್ಹೇಲರ್ ಬಳಸುವವರು ಮೊದಲು ಊದಿ ಆಮೇಲೆ ಎಳೆದುಕೊಳ್ಳಲಿ. ಸ್ಟೆರಾಯ್ಡ್ ಡೋಸ್ ನಾಲ್ಕು ವಾರವೂ ಬದಲಾಗಬಾರದು. ರಜೆಗೆ ಹೋದಾಗ ಡೋಸ್ ಹೆಚ್ಚಿಸಿಕೊಂಡರೆ ಆ ದಾಖಲೆ ಏನನ್ನೂ ಹೇಳುವುದಿಲ್ಲ. ನೆಗಡಿ, ಜ್ವರದ ದಿನಗಳನ್ನು ಗುರುತು ಹಾಕಿ ಲೆಕ್ಕದಿಂದ ಬಿಡಿ.

---

ಎಪಿ_ಲೆಕ್ಕ

ಮಾದರಿ ಆಯ್ಕೆಯ ಬಗ್ಗೆ ಯಾರೂ ಹೇಳಲಿಲ್ಲ. ಈಗ ಬೇಸಿನ್ ಮುಂದೆ ಇರುವವರನ್ನಷ್ಟೇ ಎಣಿಸಿದರೆ ದಮ್ಮು ತಡೆಯಲಾರದೆ ಕೆಲಸ ಬಿಟ್ಟವರು ಲೆಕ್ಕಕ್ಕೇ ಬರುವುದಿಲ್ಲ, ರೋಗ ಕಡಿಮೆ ಎಂದು ಕಾಣುತ್ತದೆ. ರೇಷ್ಮೆ ಇಲಾಖೆಯ ಲೈಸೆನ್ಸ್ ಪಟ್ಟಿಯಲ್ಲಿ ಘಟಕದ ಮಾಲೀಕರ ಹೆಸರಿರುತ್ತದೆಯೇ ಹೊರತು ಕೂಲಿಯವರದಲ್ಲ. ಪ್ರತಿ ಘಟಕದಲ್ಲೂ "ಹಿಂದಿನ ಎರಡು ವರ್ಷದಲ್ಲಿ ಇಲ್ಲಿ ಕೂತಿದ್ದವರು ಯಾರು, ಯಾಕೆ ಬಿಟ್ಟರು" ಎಂದು ಮಾಲೀಕರನ್ನೂ ಪಕ್ಕದ ಕೆಲಸಗಾರರನ್ನೂ ಬೇರೆ ಬೇರೆಯಾಗಿ ಕೇಳಿ, ಬಿಟ್ಟವರ ಮನೆಗೆ ಅದೇ ಪ್ರಶ್ನಾವಳಿ ಒಯ್ಯಿರಿ.

ಹೋಲಿಕೆಗೆ ಗ್ರೇನೇಜ್‌ನವರನ್ನು (ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರದವರನ್ನು) ತೆಗೆದುಕೊಳ್ಳುವ ಆಸೆ ಬರುತ್ತದೆ, ಬೇಡ. ಅಲ್ಲಿ ಪತಂಗದ ರೆಕ್ಕೆಯ ಪುಡಿ ಗಾಳಿ ತುಂಬ ಇರುತ್ತದೆ, ಅವರೂ ಒಡ್ಡಿಕೊಂಡವರೇ. ಹುಳು ಸಾಕುವವರೂ ಆಗರು: ಫಾರ್ಮಾಲಿನ್, ಬ್ಲೀಚಿಂಗ್ ಪೌಡರ್, ಸುಣ್ಣದ ಧೂಳು ಬೇರೆ ಬಗೆಯ ಉರಿ ತರುತ್ತವೆ. ಅದೇ ಬೀದಿಯ, ಅದೇ ಸೌದೆ ಒಲೆಯಲ್ಲಿ ಅಡುಗೆ ಮಾಡುವ, ಗೂಡು ಮುಟ್ಟದ ಬೀಡಿ ಕಟ್ಟುವವರೂ ಆಗುವುದಿಲ್ಲ, ತಂಬಾಕಿನ ಧೂಳು ಇದೆ. ಟೈಲರಿಂಗ್ ಅಥವಾ ಚಿಲ್ಲರೆ ಅಂಗಡಿಯವರನ್ನು ಹುಡುಕಿ, ಆದರೆ ರೀಲಿಂಗ್ ಘಟಕದಿಂದ ನಾಲ್ಕು ಬೀದಿ ಆಚೆ.