ಕಂಪನಿಗೆ ಲಾಭ ಇದ್ದರೂ ಲೇಆಫ್ ಯಾಕೆ?

ಪ್ರಶ್ನೆ: ಸರ್, ನೀವು ಐಟಿ ಕಂಪನಿಗಳ ಬಜೆಟ್ ನೋಡುವವರು, ಅದಕ್ಕೇ ಕೇಳುತ್ತಿದ್ದೇನೆ. ನನ್ನ ತಮ್ಮ ಬೆಂಗಳೂರಿನಲ್ಲಿ ಒಂದು ಅಮೆರಿಕನ್ ಕಂಪನಿಯಲ್ಲಿದ್ದ. ಹೋದ ವಾರ ಲೇಆಫ್ ಆಯಿತು. ಕಂಪನಿ ಲಾಭದಲ್ಲೇ ಇದೆ. ನಷ್ಟ ಆದಾಗ ತೆಗೆದರೆ ಅರ್ಥವಾಗುತ್ತದೆ, ಲಾಭ ಇದ್ದಾಗ ಯಾಕೆ?

ಉತ್ತರ: ಓದಿ ಬೇಜಾರಾಯಿತು. ಲಾಭ ಅನ್ನೋದು ಆಗಿಹೋದ ವರ್ಷದ ಲೆಕ್ಕ. ಷೇರು ಕೊಳ್ಳುವವರ ಕಣ್ಣೆಲ್ಲ ಮುಂದಿನ ವರ್ಷದ ಮೇಲೆ.

ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಕಥೆ ನೋಡಿ. 2019ರ ಕೊನೆಗೆ ಅಲ್ಲಿ ಸುಮಾರು 45 ಸಾವಿರ ಜನ ಇದ್ದರು. ಕೊರೊನಾ ಬಂತು, ಊರಿಗೆ ಊರೇ ಆನ್‌ಲೈನ್ ಆಯಿತು. ಅಮೆರಿಕದಲ್ಲಿ ಬಡ್ಡಿ ಹೆಚ್ಚುಕಡಿಮೆ ಸೊನ್ನೆ, ಅಂದರೆ ದುಡ್ಡು ಅಗ್ಗ. 2022ರ ಸೆಪ್ಟೆಂಬರ್ ಹೊತ್ತಿಗೆ ಜನ 87 ಸಾವಿರ ದಾಟಿದರು. ಅಷ್ಟರಲ್ಲಿ ಬಡ್ಡಿ ಏರಿತ್ತು, ಜಾಹೀರಾತಿನ ಆದಾಯ ಇಳಿದಿತ್ತು. ಅಕ್ಟೋಬರ್ ಕೊನೆಯಲ್ಲಿ ಷೇರು ಒಂದೇ ದಿನಕ್ಕೆ ಹತ್ತಿರ ಹತ್ತಿರ ಕಾಲು ಭಾಗ ಕುಸಿಯಿತು. ನವೆಂಬರ್‌ನಲ್ಲಿ 11 ಸಾವಿರ ಜನರ ಕೆಲಸ ಹೋಯಿತು. 2023ರ ಮಾರ್ಚ್‌ನಲ್ಲಿ ಇನ್ನೂ 10 ಸಾವಿರ ಅಂದರು. ಈ ನಡುವೆಯೇ, ಫೆಬ್ರವರಿಯಲ್ಲಿ, ತನ್ನದೇ ಷೇರು ವಾಪಸ್ ಕೊಳ್ಳಲು 40 ಬಿಲಿಯನ್ ಡಾಲರ್ ತೆಗೆದಿಟ್ಟರು! ಮರುದಿನ ಷೇರು ಶೇ 20ಕ್ಕಿಂತ ಜಾಸ್ತಿ ಏರಿತು.

ದುಡ್ಡು ಇತ್ತು. ಷೇರು ವಾಪಸ್ ಕೊಂಡರೆ ಅದು ಷೇರುದಾರರ ಕೈಗೆ ಹೋಗುತ್ತದೆ. ಅದು ಯಾರಿಗೆ ಹೋಗಬೇಕು ಅಂತ ಮೇಲಿನವರು ತೀರ್ಮಾನ ಮಾಡಿದರು. ಅತಿಯಾಗಿ ಜನ ತುಂಬಿದ್ದು ತನ್ನದೇ ತಪ್ಪು ಅಂತ ಮೆಟಾದ ಮುಖ್ಯಸ್ಥ ಜುಕರ್‌ಬರ್ಗ್ ಒಪ್ಪಿಕೊಂಡರು. ಆದರೆ ಕೆಲಸ ಹೋಗಿದ್ದು ಬೇರೆಯವರದು. ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ.

ಪ್ರಶ್ನೆ: ಎಲ್ಲರೂ ಎಐ ಬಂತು, ಅದಕ್ಕೇ ಅಂತಾರಲ್ಲ ಸರ್? ತಮ್ಮ ಬೇರೆ, ತನ್ನ ಕೆಲಸದಲ್ಲೇ ಏನೋ ಕೊರತೆ ಇತ್ತು ಅಂತ ಕೊರಗುತ್ತಿದ್ದಾನೆ.

ಉತ್ತರ: ಚಾಟ್‌ಜಿಪಿಟಿ ಜನರ ಕೈಗೆ ಬಂದಿದ್ದು 2022ರ ನವೆಂಬರ್ 30ಕ್ಕೆ. ಮೆಟಾದ ಮೊದಲ ಲೇಆಫ್ ಅದಕ್ಕಿಂತ ಮೂರು ವಾರ ಮುಂಚಿನದು. ಈಗ ಎಐ ಪಾಲೂ ಇದೆ, ಸುಳ್ಳಲ್ಲ. ಎಐ ಓಡಿಸುವ ಕಂಪ್ಯೂಟರ್‌ಗಳಿರುವ ಡೇಟಾ ಸೆಂಟರ್‌ಗೆ ಸುರಿಯುವ ದುಡ್ಡನ್ನು ಎಲ್ಲಿಂದಾದರೂ ಹೊಂದಿಸಬೇಕು, ಸಂಬಳದ ಖರ್ಚು ಮೊದಲು ಕಣ್ಣಿಗೆ ಬೀಳುತ್ತದೆ.

ತಮ್ಮನಿಗೆ ಇದನ್ನು ಹೇಳಿ. ಇಷ್ಟು ಖರ್ಚು ಇಳಿಸಿ ಅಂತ ಮೇಲಿಂದ ಒಂದು ಮೊತ್ತ ಬರುತ್ತದೆ. ನಮ್ಮ ಮುಂದಿರುವ ಎಕ್ಸೆಲ್ ಶೀಟ್‌ನಲ್ಲಿ ಹುದ್ದೆ, ಊರು, ಸಂಬಳ, ಪ್ರಾಜೆಕ್ಟ್ ಅಂತ ಕಾಲಂಗಳಿರುತ್ತವೆ. ಪ್ರಾಜೆಕ್ಟ್ ಮುಚ್ಚಿದರೆ ಆ ಸಾಲುಗಳೆಲ್ಲ ಒಟ್ಟಿಗೆ ಹೋಗುತ್ತವೆ. ರಾತ್ರಿ ಎರಡು ಗಂಟೆಗೆ ಎದ್ದು ಸರ್ವರ್ ಸರಿಮಾಡಿದ್ದಕ್ಕೆ ಅಲ್ಲಿ ಕಾಲಂ ಇರುವುದಿಲ್ಲ. ಚೆನ್ನಾಗಿ ಕೆಲಸ ಮಾಡುವವರೂ ಹೋಗುತ್ತಾರೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ಇನ್ನೊಂದು ವಿಷಯ. ರಾಜೀನಾಮೆ ಬರೆದುಕೊಡಿ ಅಂದರೆ ಅದೇ ದಿನ ಸಹಿ ಹಾಕುವುದು ಬೇಡ. ಹಾಕಿದರೆ ತಾನಾಗಿಯೇ ಬಿಟ್ಟ ಅಂತ ದಾಖಲೆ ಆಗುತ್ತದೆ, ಆಮೇಲೆ ಪ್ರಶ್ನಿಸುವುದು ಕಷ್ಟ. ಪರಿಹಾರ ಎಷ್ಟು, ಉಳಿದ ರಜೆಯ ಹಣ ಎಷ್ಟು ಅಂತ ಬರಹದಲ್ಲೇ ಕೇಳಲಿ. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ಬರಬೇಕು. ಅಪ್ಪ ಅಮ್ಮನ ಹೆಸರೂ ಕಂಪನಿಯ ಇನ್ಶೂರೆನ್ಸ್‌ನಲ್ಲಿದೆ ಅಲ್ವಾ? ಅದು ಯಾವ ತಾರೀಖಿಗೆ ನಿಲ್ಲುತ್ತದೆ ಅಂತ ಇವತ್ತೇ ಎಚ್‌ಆರ್‌ಗೆ ಮೇಲ್ ಹಾಕಿಸಿ.