ಸಮಸ್ಯೆ: ಮುಳುಗಿದವ ಪಂದ್ಯದಲಿ ಮೇಲೆ ಹಾರುವನು

ಈ ವಾರದ ಸಾಲು ಮೇಲಿದೆ, ಅದೇ ಕೊನೆಯ ಸಾಲಾಗುವಂತೆ ಪದ್ಯ ಕಟ್ಟಿ ಪೂರಣ ಮಾಡಬೇಕು. ಐದೈದು ಮಾತ್ರೆಯ ಗಣಗಳ ಚೌಪದಿ (ನಾಲ್ಕು ಸಾಲಿನ ಪದ್ಯ), ಎರಡು ಮತ್ತು ನಾಲ್ಕನೇ ಸಾಲಿನ ಕೊನೆಗೆ ಮೂರು ಮಾತ್ರೆ. ಪ್ರತಿ ಸಾಲಿನ ಎರಡನೇ ಅಕ್ಷರದ ಪ್ರಾಸ ‘ಳ’.

ಈಜುಗೊಳ, ಕಂಬಳದ ಗದ್ದೆ ಅಂತ ಸುಲಭದ ದಾರಿ ಹಿಡಿಯಬೇಡಿ. ನನ್ನ ಮನಸ್ಸಿನಲ್ಲಿರುವವನು ಅಮೆರಿಕದ ನೈಲ್ ಕಿನ್ನಿಕ್. ಐಯೊವಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಹುಡುಗ. ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಅವಚಿಕೊಂಡು ಓಡುವ ಆಟ. 1939ರಲ್ಲಿ ನೋಟರ್ ಡೇಮ್ ತಂಡವನ್ನು 7–6ರಿಂದ ಸೋಲಿಸಿದಾಗ ಆ ಏಳೂ ಅಂಕ ಇವನವೇ. ಅದೇ ವರ್ಷ, ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಬಂತು. ಯುರೋಪಿನ ರಣರಂಗದಲ್ಲಿಲ್ಲ, ಆಟದ ಮೈದಾನದಲ್ಲಿ ಕಾದಾಡುತ್ತಿದ್ದೇನಲ್ಲ, ದೇವರ ದಯೆ ಎಂಬರ್ಥದ ಮಾತನ್ನು ಅಂದು ಆಡಿದ್ದ. 1943ರ ಜೂನ್ 2ರಂದು ನೌಕಾಪಡೆಯ ತರಬೇತಿ ಹಾರಾಟದಲ್ಲಿ ವಿಮಾನದ ಎಣ್ಣೆ ಸೋರಿತು. ವಿಮಾನವಾಹಕ ಹಡಗಿಗೆ ಮರಳಲಾಗದೆ, ವೆನೆಜುವೆಲಾ ಹತ್ತಿರದ ಪಾರಿಯಾ ಕೊಲ್ಲಿಯ ನೀರಿನಲ್ಲೇ ಇಳಿಸಿದ. ದೇಹ ಸಿಗಲೇ ಇಲ್ಲ. ಅಂಗಿಯ ಸಂಖ್ಯೆ 24, ವಯಸ್ಸೂ 24.

ಮೊದಲ ಪೂರಣ:

ಗೆಳೆಯರೊಡನಾಡುತ್ತ ಗೆದ್ದವನು, ಯುದ್ಧದಲಿ
ಎಳೆವಯಸಿನಲ್ಲಿಯೇ ಕಡಲು ಸೇರಿದನು;
ಹೊಳೆವ ನಾಣ್ಯದ ಮೇಲೆ ಅವನ ಮೊಗ, ಚಿಮ್ಮಿದರೆ
ಮುಳುಗಿದವ ಪಂದ್ಯದಲಿ ಮೇಲೆ ಹಾರುವನು.

(ಐಯೊವಾ ಆಡುವ ಕಾಲೇಜು ಲೀಗು ಬಿಗ್ ಟೆನ್‌ನ ಪಂದ್ಯಗಳಲ್ಲಿ ಟಾಸ್ ಹಾಕುವ ನಾಣ್ಯದ ಮೇಲೆ ಅವನ ಹೆಲ್ಮೆಟ್ ತೊಟ್ಟ ಮುಖವಿದೆ.)

— ಆಹಾ, ನಾಣ್ಯ ಹೊಳೆದದ್ದು ಚೆನ್ನಾಯ್ತು! ಆದರೆ ‘ಮೇಲೆ ಅವನ’ ವಿಸಂಧಿ (ಸಂಧಿ ಮಾಡದೆ ಬಿಟ್ಟ ದೋಷ), ಅಲ್ವಾ? ‘ಹೊಳೆವ ನಾಣ್ಯದಲವನ ಮೊಗವುಂಟು’ ಅಂದರೆ ಸಲೀಸು. ‘ಯುದ್ಧದಲಿ’ ಅಂದಾಗ ಶತ್ರುವಿನ ಗುಂಡು ತಗುಲಿದಂತೆ ಕೇಳಿಸುತ್ತದೆ, ಅದೂ ಸ್ವಲ್ಪ ಯೋಚಿಸಿ.

— ಸಂಧಿ ಒಪ್ಪಿದೆ ಮೇಷ್ಟ್ರೇ, ತಿದ್ದಿಕೊಂಡೆ. ಯುದ್ಧ ಮಾತ್ರ ಇರಲಿ. ಯುದ್ಧ ಇಲ್ಲದಿದ್ದರೆ ಅವನು ಆ ವಿಮಾನ ಹತ್ತುತ್ತಲೇ ಇರಲಿಲ್ಲ.

ಎರಡನೆಯದು, ನನ್ನದು. ನಾಣ್ಯ ಮೊದಲೇ ಖರ್ಚಾಯ್ತು, ಹಳೆಯ ರೀಲು ಹಿಡಿದೆ:

ಇಳಿಯಲಾಗದೆ ಹಡಗ ಮೇಲೆ, ಕಡಲಿಗೆ ಬಿದ್ದ;
ಉಳಿದದ್ದು ನೀರ ಮೇಲೆಣ್ಣೆಯದೆ ಕಲೆಯು;
ಹಳೆಯ ಚಿತ್ರವ ಹಾಕಿ ನೋಡಿರೈ: ಚೆಂಡಪ್ಪಿ
ಮುಳುಗಿದವ ಪಂದ್ಯದಲಿ ಮೇಲೆ ಹಾರುವನು.

— ‘ಎಣ್ಣೆಯದೆ ಕಲೆ’ ಓದಿ ಸುಮ್ನೆ ಕೂತೆ. ‘ನೋಡಿರೈ’ ಮಾತ್ರ ಮಾತ್ರೆ ತುಂಬಲಿಕ್ಕೆ ಬಂದ ಹಾಗಿದೆ.

— ಹೌದು, ಸಿಕ್ಕಿಬಿದ್ದೆ.

— 24ನ್ನು ಯಾರೂ ಮುಟ್ಟಲಿಲ್ಲವಲ್ಲ! ‘ಇಪ್ಪತ್ತ’ ಒಂದು ಗಣ, ‘ನಾಲ್ಕರಲಿ’ ಇನ್ನೊಂದು. ಕೂರಿಸಿ ನೋಡಿ, ಭಾನುವಾರದವರೆಗೆ ಸಮಯ ಇದೆ.