ಕ್ರೆಡಿಟ್ ಕೂಡಿಸಿದರೆ ಬಿ.ಎಡ್. ಒಂದೇ ವರ್ಷವಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಶಿಕ್ಷಕಿ): ಸರ್, ನಮಸ್ತೆ. ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ಡಿ.ಎಡ್. (ಪ್ರಾಥಮಿಕ ಶಿಕ್ಷಕರ ತರಬೇತಿ ಡಿಪ್ಲೊಮಾ) ಮೇಲೆ ಕೆಲಸ ಸಿಕ್ಕಿತು. ಆಮೇಲೆ ದೂರಶಿಕ್ಷಣದಲ್ಲಿ ಬಿ.ಎ. ಮುಗಿಸಿದೆ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ. ಈಗ ಬಿ.ಎಡ್. ಮಾಡಿ ಹೈಸ್ಕೂಲಿಗೆ ಹೋಗುವ ಆಸೆ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲ್‌ನಲ್ಲಿ ಭೂಗೋಳ, ಶಿಕ್ಷಣ ಮನೋವಿಜ್ಞಾನ ಕೋರ್ಸುಗಳ ಪರೀಕ್ಷೆಯನ್ನೂ ಪಾಸು ಮಾಡಿದ್ದೇನೆ. ಒಂದೊಂದಕ್ಕೂ 4 ಕ್ರೆಡಿಟ್. ಇದನ್ನೂ ಡಿ.ಎಡ್.ನಲ್ಲಿ ಓದಿದ್ದನ್ನೂ ಸೇರಿಸಿದರೆ ಬಿ.ಎಡ್. ಒಂದೇ ವರ್ಷಕ್ಕೆ ಮುಗಿಯುತ್ತದೆ ಎಂದು ಕ್ಲಸ್ಟರ್ ಮೀಟಿಂಗಿನಲ್ಲಿ ಮಾತು. ನಿಜವಾ?

ಉತ್ತರ: ಇಲ್ಲ ಮೇಡಂ. ಈ ಮಾತು ಪ್ರತಿ ಅಡ್ಮಿಶನ್ ಸಮಯಕ್ಕೂ ಹೊರಡುತ್ತದೆ.

ಕ್ರೆಡಿಟ್ ಎಂದರೆ ಓದಿನ ಹೊತ್ತಿನ ಲೆಕ್ಕ. ಕಾಲೇಜಿನಲ್ಲಿ ಸುಮಾರು 15 ಗಂಟೆ ಪಾಠಕ್ಕೆ 1 ಕ್ರೆಡಿಟ್. ಇಗ್ನೋದವರು (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) 30 ಗಂಟೆ ಓದಿಗೆ 1 ಅಂತ ಎಣಿಸುತ್ತಾರೆ. ಆ ಲೆಕ್ಕ ನಡೆಯುವುದು ಒಂದು ಪದವಿಯ ಒಳಗೆ. ನೇಮಕಾತಿಗೋ ಬಡ್ತಿಗೋ ನಿಮ್ಮ ಫೈಲು ತೆಗೆದಾಗ ಒಟ್ಟು ಕ್ರೆಡಿಟ್ ಎಷ್ಟಾಯಿತು ಎಂದು ಯಾರೂ ಕೂಡಿಸುವುದಿಲ್ಲ. ಯಾವ ಪದವಿ, ಅದರಲ್ಲಿ ಯಾವ ವಿಷಯ, ಎಷ್ಟು ಪರ್ಸೆಂಟ್, ಬಿ.ಎಡ್.ಗೆ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಮಾನ್ಯತೆ ಇದೆಯಾ ಎಂದಷ್ಟೇ ನೋಡುತ್ತಾರೆ.

ಡಿ.ಎಡ್. ನಿಮಗೆ ಬೇರೆ ರೀತಿ ಉಪಯೋಗಕ್ಕೆ ಬರುತ್ತದೆ. ಇಗ್ನೋದ ಎರಡು ವರ್ಷದ ಬಿ.ಎಡ್. ಸೇರಬಹುದಾದವರಲ್ಲಿ ತರಬೇತಿ ಪಡೆದು ಕೆಲಸದಲ್ಲಿರುವ ಪ್ರಾಥಮಿಕ ಶಿಕ್ಷಕರೂ ಇದ್ದಾರೆ. ಪದವಿಯಲ್ಲಿ ಶೇ. 50 ಬೇಕು, ಮೀಸಲಾತಿ ಇದ್ದವರಿಗೆ ರಿಯಾಯಿತಿ ಉಂಟು. ಅಂದರೆ ಡಿ.ಎಡ್. ನಿಮ್ಮನ್ನು ಒಳಗೆ ಬಿಡುತ್ತದೆ. ಒಳಗೆ ಹೋದ ಮೇಲೆ ಒಂದು ಕ್ರೆಡಿಟ್ಟೂ ಕಡಿಮೆ ಮಾಡುವುದಿಲ್ಲ.

ಭೂಗೋಳದ ವಿಚಾರ ಇನ್ನೂ ಸೂಕ್ಷ್ಮ. ಸ್ವಯಂ ಸರ್ಟಿಫಿಕೇಟ್ ಇದೆ ಅಂತ ಭೂಗೋಳ ನಿಮ್ಮ ಪದವಿಯ ವಿಷಯ ಆಗುವುದಿಲ್ಲ. ನಿಮ್ಮ ಬಿ.ಎ. ಮಾರ್ಕ್ಸ್ ಕಾರ್ಡುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಮೊದಲಿನಿಂದ ಕೊನೆಯವರೆಗೆ ಇರುವುದು ಇತಿಹಾಸ, ಅರ್ಥಶಾಸ್ತ್ರ, ಕನ್ನಡ, ಅಲ್ವಾ? ಬಿ.ಎಡ್.ನಲ್ಲಿ ಬೋಧನಾ ವಿಷಯ ಆರಿಸುವಾಗ ಇವುಗಳಿಗೆ ಹೊಂದುವುದನ್ನೇ ಆರಿಸಿ. ಇಲ್ಲಿ ತಪ್ಪಿದರೆ ಬಿ.ಎಡ್. ಕೈಯಲ್ಲಿದ್ದೂ ಅರ್ಜಿ ಹಾಕಲು ಹುದ್ದೆ ಸಿಗದೆ ಒದ್ದಾಡಬೇಕಾಗುತ್ತದೆ. ನನ್ನ ಮಟ್ಟಿಗೆ ವರ್ಷ ಉಳಿಸುವ ಚಿಂತೆಗಿಂತ ಇದೇ ದೊಡ್ಡ ಚಿಂತೆ.

ಇನ್ನೊಂದು, ಶುರು ಮಾಡುವ ಮೊದಲೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಮೂಲಕ ಅನುಮತಿ ಪಡೆಯಿರಿ. ಮುಗಿದ ಮೇಲೆ ಎಸ್.ಆರ್. (ಸೇವಾ ದಾಖಲೆ) ಪುಸ್ತಕದಲ್ಲಿ ಎಂಟ್ರಿ ಮಾಡಿಸಿ. ಬಾಯಿಮಾತಿನ ಒಪ್ಪಿಗೆ ಸಾಲದು.

ಮರುಪ್ರಶ್ನೆ (ಅದೇ ಶಿಕ್ಷಕಿ): ಹಾಗಾದರೆ ರೆಗ್ಯುಲರ್ ಬಿ.ಎಡ್. ಸೇರುವುದು ಒಳ್ಳೆಯದಾ ಸರ್?

ಉತ್ತರ: ಕುವೆಂಪು ವಿ.ವಿ. ವ್ಯಾಪ್ತಿಯ ಕಾಲೇಜುಗಳಿವೆ. ಆದರೆ ರಜೆ ಸಿಗಬೇಕಲ್ಲ! ಎನ್‌ಸಿಟಿಇ 2014ರ ನಿಯಮದಲ್ಲಿ ಎರಡು ವರ್ಷಕ್ಕೆ ಒಟ್ಟು 20 ವಾರ ಶಾಲೆಯ ಕೆಲಸ. ತರಗತಿಗೆ ಶೇ. 80, ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ. ನಮ್ಮ ಕಡೆ ಜುಲೈನಲ್ಲಿ ಮಳೆ ರಜೆ ಮೇಲಿಂದ ಮೇಲೆ ಬಂದರೆ ಈ ದಿನಗಳ ಲೆಕ್ಕ ಹೊಂದಿಸುವುದೇ ತಲೆನೋವು. ಎಲ್ಲೇ ಮಾಡಿ, ಹಾಜರಾತಿ ಪುಸ್ತಕಕ್ಕೆ ಹೆಡ್‌ಮಾಸ್ಟರ ಸಹಿ ಆಯಾ ದಿನವೇ ಹಾಕಿಸಿಕೊಳ್ಳಿ.

ಪ್ರಶ್ನೆ (ಹೊಸನಗರದಿಂದ): ಸರ್, ಮೂರು ವರ್ಷದ ಡಿಗ್ರಿಗೆ 120 ಕ್ರೆಡಿಟ್, ನಾಲ್ಕು ವರ್ಷದ್ದಕ್ಕೆ 160. ನಾನು 40 ಕ್ರೆಡಿಟ್ ಸ್ವಯಂನಲ್ಲೇ ಮಾಡಿದರೆ ನಾಲ್ಕು ವರ್ಷದ ಪದವೀಧರ ಆದೆ. ಆಗ ಒಂದು ವರ್ಷದ ಬಿ.ಎಡ್.ಗೆ ಹೋಗಬಹುದಲ್ಲ?

ಉತ್ತರ: ಗಣಿತ ಸರಿ ಇದೆ ಮೇಷ್ಟ್ರೇ, ದಾರಿ ಇಲ್ಲ. ಎಬಿಸಿ, ಅಂದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಬಂದಿದ್ದು 2021ರಲ್ಲಿ. ಅಲ್ಲಿ ಕ್ರೆಡಿಟ್ ಕೂಡಿಡಬಹುದು, ಹೆಚ್ಚೆಂದರೆ 7 ವರ್ಷ ಉಳಿಯುತ್ತದೆ. ಆದರೆ ಪದವಿ ಕೊಡುವುದು ವಿಶ್ವವಿದ್ಯಾಲಯ, ಆ ಬ್ಯಾಂಕ್ ಅಲ್ಲ. ಪದವಿಗೆ ಬೇಕಾದ ಕ್ರೆಡಿಟ್‌ನಲ್ಲಿ ಅರ್ಧವಾದರೂ ಆ ವಿಶ್ವವಿದ್ಯಾಲಯದಲ್ಲೇ ಗಳಿಸಿರಬೇಕು. ಒಮ್ಮೆ ಒಂದು ಪದವಿಗೆ ಬಳಸಿದ ಕ್ರೆಡಿಟ್ಟನ್ನು ಇನ್ನೊಂದಕ್ಕೆ ಮತ್ತೆ ಬಳಸುವಂತಿಲ್ಲ. ಮುಗಿದ ಡಿಗ್ರಿಯ ಹಿಂದೆ ಸುಮ್ನೆ 40 ಅಂಟಿಸಿದರೆ ಅದು ನಾಲ್ಕು ವರ್ಷದ್ದಾಗುವುದಿಲ್ಲ.

ಒಂದು ವರ್ಷದ ಬಿ.ಎಡ್. ಸುದ್ದಿ ಬಂದಿದ್ದು 2025ರ ಫೆಬ್ರವರಿಯ ಎನ್‌ಸಿಟಿಇ ಕರಡಿನಿಂದ. ಅದರಲ್ಲೂ ಹೇಳಿದ್ದು ನಾಲ್ಕು ವರ್ಷದ ಪದವಿ ಅಥವಾ ಪಿಜಿ ಆದವರಿಗೆ. ಅಂತಿಮ ಗೆಜೆಟ್ ಕಣ್ಣಾರೆ ನೋಡದೆ, ಕಾಲೇಜಿನ ಹೆಸರು ಎನ್‌ಸಿಟಿಇ ಪಟ್ಟಿಯಲ್ಲಿ ಹುಡುಕದೆ ಯಾರಿಗೂ ಫೀಸು ಕಟ್ಟಬೇಡಿ.

ಪ್ರಶ್ನೆ: ದೀಕ್ಷಾ ಆನ್‌ಲೈನ್ ವೇದಿಕೆಯ ನಿಷ್ಠಾ ಶಿಕ್ಷಕ ತರಬೇತಿಯ ಸರ್ಟಿಫಿಕೇಟುಗಳು ಒಂದು ಫೈಲು ತುಂಬ ಇವೆ. ಅವಕ್ಕೆ ಕ್ರೆಡಿಟ್?

ಉತ್ತರ: ಅವು ತರಬೇತಿ ಗಂಟೆಯ ಲೆಕ್ಕಕ್ಕೆ. ವರ್ಷಕ್ಕೆ 50 ಗಂಟೆ ತರಬೇತಿ ಎಂದು 2020ರ ಶಿಕ್ಷಣ ನೀತಿ ಹೇಳುತ್ತದಲ್ಲ, ಆ ಬಗೆಯದು. ಬಿ.ಎಡ್.ಗೆ ಸಂಬಂಧ ಇಲ್ಲ.

ಪ್ರಶ್ನೆ (ಸಾಗರದ ಅತಿಥಿ ಶಿಕ್ಷಕಿ): ನನಗೆ ಬಿ.ಎ., ಬಿ.ಎಡ್. ಎರಡೂ ಆಗಿದೆ. ಡಿ.ಎಡ್.ಗಿಂತ ಜಾಸ್ತಿನೇ ಓದಿದ್ದೇನೆ. 1ರಿಂದ 5ನೇ ತರಗತಿಯ ಶಿಕ್ಷಕಿ ಹುದ್ದೆಗೆ ಅರ್ಜಿ ಹಾಕಬಹುದಾ?

ಉತ್ತರ: ಬೇಜಾರಾಗಬೇಡಿ ಮೇಡಂ, ಆಗುವುದಿಲ್ಲ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾಡಿತು. ಚಿಕ್ಕ ಮಕ್ಕಳಿಗೆ ಕಲಿಸುವ ತರಬೇತಿಯೇ ಬೇರೆ. ಹೆಚ್ಚು ಓದಿದವರು ತಾನಾಗಿಯೇ ಅದಕ್ಕೆ ಅರ್ಹರಾಗುವುದಿಲ್ಲ. ಆ ತರಗತಿಗಳೇ ಬೇಕೆಂದರೆ ಡಿ.ಎಲ್.ಎಡ್. (ಡಿ.ಎಡ್.ನ ಈಗಿನ ಹೆಸರು) ಎರಡು ವರ್ಷ ಮಾಡಬೇಕು. ಇಲ್ಲದಿದ್ದರೆ 6ರಿಂದ 8ಕ್ಕೆ ನೋಡಿ, ಅಲ್ಲಿ ನಿಮ್ಮ ಬಿ.ಎಡ್. ನಡೆಯುತ್ತದೆ. ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆ ಪಾಸಾಗಿದೆಯಾ? ನಿಮ್ಮ ಡಿಗ್ರಿ ಪರ್ಸೆಂಟ್, ಓದಿದ ವಿಷಯಗಳನ್ನು ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.